ಇವರಿಗೆ ಉಳಿದ ಮಾತು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ಕುಳ್ಳಿ ಮಾಡುವ ನಮಸ್ಕಾರಗಳು.

ನಿನ್ನ ಪತ್ರ ಬಂದು ಎಷ್ಟು ದಿನವಾಯಿತೋ, ಇವತ್ತು ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಡ. ಇವರಿಗೆ ಸ್ನಾನ ಮಾಡಿಸಿ, ಹಾಸಿಗೆ ಬದಲಿಸಿ, ಊಟ ಮಾಡಿಸುವಷ್ಟರಲ್ಲಿ ನನ್ನ ಕೈಕಾಲು ಬಿದ್ದುಹೋಗಿರುತ್ತವೆ.

ಪಾರ್ಶ್ವವಾಯು ಬಡಿದ ಮೇಲೆ ಇವರ ಬಲಗೈ ಎದ್ದಿಲ್ಲ. ಮಾತೂ ಅಷ್ಟೇ. ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿದವರ ಬಾಯಲ್ಲಿ ಉಳಿದಿರುವುದು ಒಂದೇ ಮಾತು: ‘ಡಿಸ್‌ಗಸ್ಟಿಂಗ್’. ಇಷ್ಟವಿಲ್ಲ ಅನ್ನುವುದಕ್ಕೆಲ್ಲ ಅದನ್ನು ಬಳಸಬಾರದು, ಹೊಟ್ಟೆ ತೊಳಸುವಷ್ಟು ಅಸಹ್ಯವಾದರೆ ಮಾತ್ರ ಅನ್ನಬೇಕು ಎಂದು ಕ್ಲಾಸಿನಲ್ಲಿ ಕಲಿಸಿದ ಮೇಷ್ಟ್ರು ಈಗ ಎಲ್ಲಕ್ಕೂ ಅದನ್ನೇ ಅನ್ನುತ್ತಾರೆ. ಮೆಲ್ಲಗೆ ಎಳೆದು ಅಂದರೆ ನೀರು ಬೇಕು. ಚುಟುಕಾಗಿ ಅಂದರೆ ಕಿಟಕಿ ತೆಗೆಯಬೇಕು. ಕೇಳುವ ಹಾಗೆ ಅಂದರೆ ಮಗಳು ಯಾವಾಗ ಬರುತ್ತಾಳೆ ಅಂತ. ಈ ಒಂದು ಮಾತಿಗೆ ನಾನೀಗ ನಿಘಂಟನ್ನೇ ಬರೆಯಬಲ್ಲೆ.

ಮೊನ್ನೆ ಪಕ್ಕದ ಮನೆಯಾಕೆ ಹಣ್ಣು ತಂದುಕೊಟ್ಟಳು. ಇವರು ಕಣ್ಣು ತುಂಬಿಕೊಂಡು ‘ಡಿಸ್‌ಗಸ್ಟಿಂಗ್’ ಅಂದರು. ಪಾಪ, ಆಕೆಯ ಮುಖ ಚಿಕ್ಕದಾಯಿತು. “ಥ್ಯಾಂಕ್ಸ್ ಹೇಳ್ತಿದಾರೆ ಕಣ್ರೀ” ಅಂದೆ. ಆಕೆ ನಕ್ಕಳು, ಇವರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಹಣ್ಣನ್ನೇ ಮತ್ತೆ ತೊಳೆದೆ.

ಇವರಿಗೆ ಮಾತು ಕಲಿಸಲು ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬರುತ್ತಾಳೆ. “ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅವರು ಬೇಕು ಅಂತ ಹೇಳೋದಲ್ಲ ಅದು. ಸ್ಟ್ರೋಕ್ ಆದಾಗ ನಾಲಿಗೆ ಮೇಲಿದ್ದ ಮಾತೇ ಕೆಲವರಿಗೆ ಉಳ್ಕೊಂಡುಬಿಡುತ್ತೆ” ಅಂದಳು. ಅವತ್ತು ಏನನ್ನು ನೋಡಿ ಹಾಗಂದರು ಎಂದೂ ಕೇಳಿದಳು. “ಪೇಪರ್ ಓದ್ತಿದ್ರು” ಅಂದೆ. “ಹಾಗಾದ್ರೆ ಯಾವುದೋ ಸುದ್ದಿ ನೋಡಿ ಅಂದಿರ್ತಾರೆ ಬಿಡಿ” ಅಂದು ನಕ್ಕಳು. ನಾನು ಅವಳಿಗೆ ಕಾಫಿ ತರಲು ಎದ್ದೆ.

ನನ್ನದೊಂದು ಫೋಟೋ ಕಳಿಸು ಅಂತ ಬರೆದಿದ್ದೀಯ. ಈಗ ಬೇಡ ಅಕ್ಕ, ಸಾಕಾಗಿದೆ. ನಿನ್ನ ಮಂಡಿನೋವು ಹೇಗಿದೆ? ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀವಾದರೂ ಮನೆ ತುಂಬ ಮಾತಾಡಿಕೊಂಡು ಚೆನ್ನಾಗಿರಿ.

ನಿನ್ನ
ಕುಳ್ಳಿ

ತಾ. ಕ.: ಪೇಪರ್ ಓದುತ್ತಿದ್ದದ್ದು ನಿಜ. ಆದರೆ ಹಾಗಂದಾಗ ಇವರ ಕಣ್ಣು ಪೇಪರಿನ ಮೇಲಿರಲಿಲ್ಲ. ಅವತ್ತು ಬೆಳಿಗ್ಗೆ ನಾನು ಮೊದಲ ಸಲ ಕೂದಲು ಗಿಡ್ಡ ಮಾಡಿಸಿಕೊಂಡು ಬಂದಿದ್ದೆ. ಎದುರಿಗೆ ನಿಂತು “ಹೇಗೆ ಕಾಣ್ತೀನಿ, ಹೇಳ್ರೀ” ಅಂದೆ. ತಲೆಯೆತ್ತಿ ನೋಡಿ ಆ ಮಾತು ಅಂದರು, ಪೇಪರ್ ಕೈಯಿಂದ ಜಾರಿತು. ಈಗ ಅನ್ನುವುದಕ್ಕೆಲ್ಲ ನಾನೇ ಬೇರೆ ಬೇರೆ ಅರ್ಥ ಹೇಳುತ್ತೇನೆ. ಆದರೆ ಅವತ್ತು ಇವರಿಗೆ ಬೇರೆ ಮಾತುಗಳೂ ಇದ್ದವು, ಅಕ್ಕ.