ಹಗಲಿಗೆ ಮಾತ್ರ ಪಾಸಾದ ಗಾಡಿ

ವಾಹನ ತಪಾಸಣೆಯ ವಾರ್ಷಿಕ ವರದಿಗೆ ಸಹಿ ಹಾಕುವ ಹಿರಿಯ ಅಧಿಕಾರಿಗಳಿಗೆ

ಮಾನ್ಯರೇ,

ಸಣ್ಣ ಮೋಟಾರ್‌ಸೈಕಲ್‌ಗಳು ಈ ಸಲ ತಪಾಸಣೆಯಲ್ಲಿ ಹಿಂದೆಂದಿಗಿಂತ ಚೆನ್ನಾಗಿ ಪಾಸಾಗಿವೆ ಎಂದು ನಿಮ್ಮ ವರದಿ ಸಂಭ್ರಮಪಟ್ಟಿದೆ. ನನ್ನ ಅತ್ತೆ ಲಿನೆಟ್ ಹಾರ್ಡ್‌ವಿಕ್ ಅವರ ತೊಂಬತ್ತು ಸಿಸಿ ಗಾಡಿಯೂ ಪಾಸಾದವುಗಳ ಸಾಲಿನಲ್ಲಿದೆ. ಅತ್ತೆ ಇಲ್ಲ. ಹೋದ ಡಿಸೆಂಬರಿನಲ್ಲಿ, ಅದೇ ಗಾಡಿಯನ್ನು ಕತ್ತಲಲ್ಲಿ ತಳ್ಳಿಕೊಂಡು ಮನೆಗೆ ಬರುತ್ತಿದ್ದಾಗ, ಹಿಂದಿನಿಂದ ಬಂದ ವ್ಯಾನ್ ಬಡಿದು ಸತ್ತರು. ಎಂಜಿನ್ ಚೆನ್ನಾಗಿದ್ದ, ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದ, ನಿಮ್ಮ ಸರ್ಟಿಫಿಕೇಟ್ ಇದ್ದ ಗಾಡಿಯನ್ನು ಒಬ್ಬ ಹೆಂಗಸು ಏಕೆ ತಳ್ಳಿಕೊಂಡು ಬರಬೇಕು? ನಿಮ್ಮ ವರದಿಯಲ್ಲಿ ಉತ್ತರ ಸಿಗಲಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ, ಎಲ್ಲರೂ ಓದಲಿ ಎಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ಹೋದ ಸೆಪ್ಟೆಂಬರಿನಲ್ಲಿ ಮದುವೆಯಾದವಳು. ಗಂಡನ ಹೆಸರು ಕೀರನ್. ಆ ಹೆಸರು ಬರೆದರೆ ಸಾಕು, ಇಂಥ ಪತ್ರದಲ್ಲೂ ನನ್ನ ಮುಖದಲ್ಲಿ ನಗು ಬಂದುಬಿಡುತ್ತದೆ, ಕ್ಷಮಿಸಿ. ಲಿಂಕನ್‌ಶೈರಿನ ಈ ತಗ್ಗು ಬಯಲಿನಲ್ಲಿ, ಎಲೆಕೋಸಿನ ಹೊಲಗಳ ನಡುವೆ, ಇಷ್ಟು ಒಳ್ಳೆಯ ಒಬ್ಬ ಮನುಷ್ಯ ನನಗಾಗಿ ಕಾದಿದ್ದ ಎಂದು ನನಗೆ ಇವತ್ತಿಗೂ ಆಶ್ಚರ್ಯ! ಅವನ ಜೊತೆಗೆ ಲಿನೆಟ್ ಕೂಡ ಸಿಕ್ಕರು. ನಮ್ಮ ಮದುವೆಯ ದಿನ ಅವರು ರಿಜಿಸ್ಟ್ರಿ ಆಫೀಸಿಗೆ ಬಂದದ್ದು ಅದೇ ಗಾಡಿಯಲ್ಲಿ, ಹೆಲ್ಮೆಟ್ ಹಾಕಿಕೊಂಡು, ಮದುವೆಯ ಹೊಸ ಟೋಪಿಯನ್ನು ಮುಂದಿನ ಬುಟ್ಟಿಯಲ್ಲಿ ಕಟ್ಟಿಕೊಂಡು. ಕಿರಿದಾದ ರಸ್ತೆ. ಹಿಂದೆ ನೆಂಟರ ಕಾರುಗಳೆಲ್ಲ ಸಾಲಾಗಿ ಆಮೆಯ ಹಾಗೆ ಬಂದವು.

ನನ್ನ ಚಿಕ್ಕಪ್ಪ ಇಳಿದವನೇ ರೇಗಿಸಿದ. "ಏನಮ್ಮಾ ಲಿನೆಟ್, ಮದುವೆ ಮೆರವಣಿಗೇನಾ, ಶವದ ಮೆರವಣಿಗೇನಾ?"

"ಯಾವ್ದಾದ್ರೂ ಆಗ್ಲಿ, ಮುಂದೆ ಇರೋಳು ನಾನು ತಾನೇ?" ಎಂದು ಅತ್ತೆ ಬುಟ್ಟಿಯಿಂದ ಟೋಪಿ ಬಿಚ್ಚಿ, ಕೊಡವಿ, ತಲೆಗೆ ಇಟ್ಟುಕೊಂಡರು.

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾನ್ಯರೇ, ಸಣ್ಣ ಗಾಡಿಯೆಂದರೆ ಏನು ಎಂದು ನಿಮಗೆ ಗೊತ್ತೇ? ದೊಡ್ಡ ಬೈಕುಗಳು ನಿಮ್ಮ ತಪಾಸಣೆಗೆ ಬರುವಾಗ ಮದುಮಗನ ಹಾಗೆ ಮಿರುಗುತ್ತಿರುತ್ತವೆ. ಅವುಗಳ ಯಜಮಾನರು ಭಾನುವಾರದ ಬಿಸಿಲು ನೋಡಿ ಹೊರಡುವವರು, ಮೋಡ ಕಂಡರೆ ಗ್ಯಾರೇಜಿನಲ್ಲಿ ಹೊದಿಸಿ ಮಲಗಿಸುವವರು. ಸಣ್ಣ ಗಾಡಿಗೆ ಭಾನುವಾರವಿಲ್ಲ. ಅದು ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತದೆ, ವೃದ್ಧಾಶ್ರಮದ ರಾತ್ರಿಪಾಳಿಗೆ ಹೋಗುತ್ತದೆ, ಶಾಲೆಯ ಅಡುಗೆಮನೆಗೆ ಹೋಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ನಿಮ್ಮವರೇ ರಸ್ತೆಗೆ ಚೆಲ್ಲುವ ಉಪ್ಪು ಅದರ ಹೊಟ್ಟೆಯೊಳಗೆ ಹೋಗಿ ಕೂತು ತಂತಿ ತಿನ್ನುತ್ತದೆ, ತಗಡು ತಿನ್ನುತ್ತದೆ. ವರ್ಷವಿಡೀ ದುಡಿದು ಬಂದದ್ದನ್ನೂ ವರ್ಷವಿಡೀ ಮಲಗಿದ್ದದ್ದನ್ನೂ ಪಕ್ಕಪಕ್ಕ ನಿಲ್ಲಿಸಿ, ಸಣ್ಣ ಗಾಡಿಯವರು ನಿರ್ಲಕ್ಷ್ಯ ಮಾಡುತ್ತಾರೆಂದು ಹಿಂದಿನ ವರದಿಗಳಲ್ಲೆಲ್ಲ ನೀವು ಬೈದಿರಿ. ಬೈಗುಳವೇ ಸಾಕಿತ್ತು. ಈ ಸಲದ ಹೊಗಳಿಕೆಯನ್ನು ಸಹಿಸಲು ಆಗುತ್ತಿಲ್ಲ.

ಅಕ್ಟೋಬರಿನಲ್ಲಿ ಅತ್ತೆಯ ಗಾಡಿಯ ತಪಾಸಣೆ ಇತ್ತು. ನಾನೂ ಜೊತೆಗೆ ಹೋಗಿದ್ದೆ. ಹಳೆಯ ಸರ್ಟಿಫಿಕೇಟ್ ಅವತ್ತಿಗೇ ಮುಗಿಯುತ್ತಿತ್ತು. ತಪಾಸಣೆ ಮಾಡುವ ಕ್ಲೈವ್ ನಮ್ಮ ಊರಿನವನೇ, ಅತ್ತೆಯ ಜೊತೆ ಶಾಲೆಯಲ್ಲಿ ಓದಿದವನು. ಬ್ರೇಕ್ ನೋಡಿದ, ಟೈರ್ ನೋಡಿದ, ಚೈನ್ ನೋಡಿದ. ಎಲ್ಲ ಸರಿಯಿತ್ತು. ಹೆಡ್‌ಲೈಟ್ ಹಾಕಿಸಿ ನೋಡಿದವನು ತಲೆ ಕೆರೆದುಕೊಂಡ. ಬೆಳಕನ್ನು ಮುಂದಕ್ಕೆ ಎಸೆಯುವ ಒಳಗಿನ ಡೂಮ್ ತುಕ್ಕು ಹಿಡಿದು ಕಪ್ಪಾಗಿತ್ತು. ಬಲ್ಬ್ ಉರಿಯುತ್ತಿತ್ತು, ಬೆಳಕು ಗೋಡೆಯ ಮೇಲೆ ಚೆಲ್ಲಿದ ಚಹಾದ ಹಾಗೆ ಕಾಣುತ್ತಿತ್ತು.

"ಇದು ಫೇಲು, ಬಾತು," ಎಂದ. ನಮ್ಮ ಕಡೆ ಪ್ರೀತಿಯಿಂದ ಯಾರನ್ನಾದರೂ ಬಾತುಕೋಳಿ ಎಂದೇ ಕರೆಯುತ್ತಾರೆ.

"ಹೊಸ ಡೂಮ್ ಹಾಕ್ಸಿದ್ರೆ?"

"ಈ ಮಾಡೆಲ್‌ಗೆ ಈಗ ಎಲ್ಲಿ ಬರುತ್ತೆ? ಹಳೇದು ಎಲ್ಲಾದ್ರೂ ಸಿಗ್ಬೇಕು. ಹುಡುಕ್ತೀನಿ. ವಾರಾನೂ ಆಗ್ಬಹುದು, ತಿಂಗಳೂ ಆಗ್ಬಹುದು."

"ಅಲ್ಲೀವರ್ಗೂ ನಾನು ಶಾಲೆಗೆ ಹೆಂಗಪ್ಪಾ ಹೋಗ್ಲಿ? ಬಸ್ಸು ನಿಲ್ಸಿ ಎರಡು ವರ್ಷ ಆಯ್ತಲ್ಲ. ನನ್ ಮಕ್ಕಳಿಗೆ ಊಟ ಯಾರು ಬೇಯಿಸ್ತಾರೆ, ನೀನಾ?"

ನನ್ನ ಮಕ್ಕಳು ಎಂದರೆ ಅತ್ತೆ ಅಡುಗೆ ಮಾಡುತ್ತಿದ್ದ ಶಾಲೆಯ ಮಕ್ಕಳು. ಕ್ಲೈವ್ ಮೇಜಿನ ಖಾನೆಯಿಂದ ಕರಿ ಟೇಪಿನ ಸುರುಳಿ ತೆಗೆದ. "ನಿಯಮದಲ್ಲಿ ಒಂದು ದಾರಿ ಇದೆ. ಮುಂದಿನ ದೀಪ, ಹಿಂದಿನ ದೀಪ, ಎರಡೂ ಪೂರ್ತಿ ಮುಚ್ಚಿಬಿಟ್ರೆ ಗಾಡಿಗೆ ದೀಪಾನೇ ಇಲ್ಲ ಅಂತ ಲೆಕ್ಕ. ದೀಪ ಇಲ್ಲ ಅಂದ್ಮೇಲೆ ದೀಪದ ಪರೀಕ್ಷೆನೂ ಇಲ್ಲ. ಹಗಲಿಗೆ ಮಾತ್ರ ಅಂತ ಬರ್ದು ಪಾಸ್ ಮಾಡ್ತೀನಿ."

"ಹಿಂದಿನ್ ದೀಪ ಚೆನ್ನಾಗೇ ಉರೀತಿದ್ಯಲ್ಲೋ?"

"ಅದನ್ನೂ ಮುಚ್ಬೇಕು. ಇಲ್ಲಾಂದ್ರೆ ನಡಿಯಲ್ಲ."

ನೋಡಿ ಮಾನ್ಯರೇ, ಎಂಥ ಸೊಗಸಾದ ನಿಯಮ! ಮಂಕಾಗಿ ಕಾಣುವವನು ಅನುತ್ತೀರ್ಣ, ಎರಡೂ ಕಣ್ಣು ಕಟ್ಟಿಕೊಂಡು ಬಂದವನು ಉತ್ತೀರ್ಣ. ಒಂದು ದೀಪ ಕೆಟ್ಟಿದ್ದಕ್ಕೆ ಕೆಡದ ಇನ್ನೊಂದರ ಬಾಯಿಯನ್ನೂ ಮುಚ್ಚಬೇಕು. ಇದನ್ನು ಬರೆದವರು ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವ ಈ ದೇಶದಲ್ಲೇ ಇದ್ದರೇ?

ನಮ್ಮ ಊರಿನಲ್ಲಿ ಈ ನಿಯಮ ಎಲ್ಲರಿಗೂ ಗೊತ್ತು, ಅದರ ಇನ್ನರ್ಧವೂ ಗೊತ್ತು. ಟೇಪ್ ಹಚ್ಚಿ ಪಾಸ್ ಮಾಡಿಸಿಕೊಳ್ಳುತ್ತಾರೆ, ಗೇಟು ದಾಟಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕಿತ್ತು ಬಿಸಾಡುತ್ತಾರೆ. ಆ ತಿರುವಿನ ಬೇಲಿಯ ಬುಡದಲ್ಲಿ ಕರಿ ಟೇಪಿನ ಉಂಡೆಗಳು ಕೊಳೆತ ಹಣ್ಣುಗಳ ಹಾಗೆ ಬಿದ್ದಿರುತ್ತವೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕ್ಲೈವ್ ಹೇಳುವ ಹಾಗೂ ಇಲ್ಲ, ಹೇಳಿದರೆ ಅವನ ಕೆಲಸ ಹೋಗುತ್ತದೆ. ಅವನು ಸರ್ಟಿಫಿಕೇಟ್ ಕೈಗಿಡುತ್ತಾ ಅತ್ತೆಗೆ ಕಣ್ಣು ಮಿಟುಕಿಸಿದ.

"ಕಣ್ಣಿಗೇನಾದ್ರೂ ಬಿತ್ತೇನೋ?" ಎಂದರು ಅತ್ತೆ. "ಹೋಗು, ತಣ್ಣೀರಲ್ಲಿ ತೊಳ್ಕೋ. ಉಜ್ಜಬೇಡ."

ನನ್ನ ಲಿನೆಟ್ ಇಂಥವರು. ತಿರುವಿನಲ್ಲಿ ಅವರು ಗಾಡಿ ನಿಲ್ಲಿಸಲಿಲ್ಲ.

ಅವತ್ತು ಸಂಜೆ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೀರನ್ ಹೇಳಿದ, "ಅಮ್ಮಾ, ಆ ಟೇಪ್ ನಾನೇ ಕಿತ್ತಾಕ್ತೀನಿ."

"ಯಾಕೆ? ಹಗಲಿಗೆ ಮಾತ್ರ ಅಂತ ಬರ್ದಿದೆ. ನಾನು ಹಗಲಲ್ಲೇ ಓಡಿಸ್ತೀನಿ."

"ಎಲ್ಲಾರೂ ಕೀಳ್ತಾರಮ್ಮಾ."

"ಎಲ್ಲಾರೂ ಊಟದ ಸಾಲಲ್ಲಿ ಎರಡು ಸಲ ಬಂದು ಪುಡಿಂಗ್ ಈಸ್ಕೊಂಡು ಹೋಗ್ತಾರೆ. ನಾನು ಅವ್ರನ್ನ ಹಿಡೀತೀನಿ. ನಾಳೆ ಅದೇ ಮಕ್ಕಳ ಮುಂದೆ ನಾನೇ ಕಳ್ಳಿ ಆಗ್ಲಾ?"

"ಲಿನೆಟ್, ಇದು ಕಳ್ಳತನ ಅಲ್ಲ," ಎಂದೆ ನಾನು. "ಕತ್ಲಾದ್ರೆ ನೀವೇನು ಮಾಡ್ತೀರಾ?"

"ಕತ್ಲಾದ್ರೆ ಇಳೀತೀನಿ, ಬಾತು. ಎರಡು ಕಾಲಿದೆ. ಕಾಲಿಗೇನು ಸರ್ಟಿಫಿಕೇಟ್ ಬೇಕಾ?" ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಪ್ಲಮ್ ಬ್ರೆಡ್ ಹಾಕಿ, ಮಾತು ಮುಗಿಸಿದರು.

ಆಮೇಲೆ ಕ್ಲೈವ್ ಹಳೆಯ ಗಾಡಿಗಳನ್ನು ಒಡೆಯುವ ಅಂಗಡಿಗಳಲ್ಲೆಲ್ಲ ಡೂಮ್ ಹುಡುಕಿದ. ಸಿಗಲಿಲ್ಲ. ಅತ್ತೆ ಮಧ್ಯಾಹ್ನವೇ ಶಾಲೆಯಿಂದ ಹೊರಟು ಬಿಸಿಲಿರುವಾಗಲೇ ಮನೆ ಸೇರುತ್ತಿದ್ದರು. ಡಿಸೆಂಬರಿನಲ್ಲಿ ಶಾಲೆಯ ಕ್ರಿಸ್‌ಮಸ್ ನಾಟಕವಾಯಿತು. ತಾಯಂದಿರಿಗೆಲ್ಲ ಚಹಾ, ಒಣಹಣ್ಣು ತುಂಬಿದ ಮಿನ್ಸ್ ಪೈ. ನಾಟಕ ತಡವಾಗಿ ಮುಗಿಯಿತು. ಎಲ್ಲರೂ ಹೋದ ಮೇಲೆ ಕಪ್ಪುಗಳನ್ನು ತೊಳೆದಿಟ್ಟು ಹೊರಡುವಷ್ಟರಲ್ಲಿ ಹೊತ್ತು ಇಳಿದುಬಿಟ್ಟಿತ್ತು. ಕಾರಿನಲ್ಲಿ ಬಿಡುತ್ತೇನೆಂದು ಟೀಚರೊಬ್ಬರು ಕೇಳಿದರಂತೆ. ಬೆಳಗ್ಗೆ ಬರಲು ಗಾಡಿ ಬೇಕಲ್ಲ ಎಂದು ಬೇಡವೆಂದರಂತೆ. ಅರ್ಧದಾರಿಯವರೆಗೆ ಓಡಿಸಿದರು. ಕಾಲುವೆಯ ಪಕ್ಕದ ರಸ್ತೆಯಲ್ಲಿ ಸೂರ್ಯ ಮುಳುಗಿದ. ಕೀರನ್‌ಗೆ ಫೋನ್ ಮಾಡಿ, "ಕತ್ಲಾಯ್ತು, ತಳ್ಕೊಂಡು ಬರ್ತಿದೀನಿ, ನಿಮ್ಮಿಬ್ರಿಗೂ ಮಿನ್ಸ್ ಪೈ ತಂದಿದೀನಿ, ಒಲೆ ಹಚ್ಚಿಡು," ಎಂದರು.

"ಅಮ್ಮಾ, ಹತ್ತು ನಿಮಿಷದ ದಾರಿ, ಟೇಪ್ ಕಿತ್ತು ಓಡಿಸ್ಕೊಂಡು ಬಾ!"

"ಕೂಗ್ಬೇಡ, ಕಿವಿ ಕೇಳುತ್ತೆ ನಂಗೆ," ಎಂದು ಫೋನ್ ಇಟ್ಟರು.

ನಾವು ಕಾರು ತೆಗೆದುಕೊಂಡು ಎದುರು ಹೊರಟೆವು. ನಾವು ತಲುಪುವಷ್ಟರಲ್ಲಿ ವ್ಯಾನಿನವನು ರಸ್ತೆಯಲ್ಲಿ ಮಂಡಿಯೂರಿ ಕೂತಿದ್ದ. ತನ್ನ ಕೋಟನ್ನು ಅತ್ತೆಯ ಮೇಲೆ ಹೊದಿಸಿದ್ದ. "ಏನೂ ಕಾಣ್ಲಿಲ್ಲ," ಎಂದು ಅದನ್ನೇ ಹೇಳುತ್ತಿದ್ದ. "ಒಂದು ಚುಕ್ಕೆ ಕೆಂಪು ಬೆಳಕು ಕಂಡಿದ್ರೂ ಸಾಕಿತ್ತು." ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ. ಹ್ಯಾಂಡಲ್ ಸೊಟ್ಟಗಾಗಿತ್ತು. ಹಿಂದಿನ ದೀಪದ ಮೇಲೆ ಟೇಪ್ ನೀಟಾಗಿ, ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಕೀರನ್ ಅದನ್ನು ಉಗುರಿನಿಂದ ಕೆರೆಯತೊಡಗಿದ. ನಾನು ಅವನ ಕೈ ಹಿಡಿದುಕೊಂಡೆ. ಬಿಡಿಸಿಕೊಂಡು ಮತ್ತೆ ಕೆರೆದ.

ಮರಣ ವಿಚಾರಣೆಯಲ್ಲಿ ಅತ್ತೆಯನ್ನು ಪಾದಚಾರಿ ಎಂದು ನಮೂದಿಸಿದರು. ಸರಿಯೇ, ಅವರು ನಡೆಯುತ್ತಿದ್ದರು. ಕ್ಲೈವ್ ಹೊರಗಿನ ಬೆಂಚಿನಲ್ಲಿ ಕೂತು, "ಎಲ್ರ ಹಾಗೆ ಕಿತ್ತಾಕ್ತಾಳೆ ಅನ್ಕೊಂಡಿದ್ದೆ," ಎಂದು ಅತ್ತ. ನಿಮ್ಮ ಕಚೇರಿಗೆ ನಾನು ಬರೆದಾಗ ಬಂದ ಉತ್ತರ ಸಭ್ಯವಾಗಿತ್ತು. ಘಟನೆಯ ವೇಳೆ ವಾಹನವು ಸಿಂಧುವಾದ ಪ್ರಮಾಣಪತ್ರ ಹೊಂದಿತ್ತು, ವಾಹನದಲ್ಲಿ ದೋಷ ಕಂಡುಬಂದಿಲ್ಲ, ಮೃತರ ಕುಟುಂಬಕ್ಕೆ ಸಂತಾಪ. ಎಷ್ಟು ಅಚ್ಚುಕಟ್ಟು! ಪಾಸಾದವುಗಳ ಪಟ್ಟಿಯಲ್ಲಿ ಗಾಡಿ ಇದೆ. ಮೋಟಾರ್‌ಸೈಕಲ್ ಅಪಘಾತಗಳ ಪಟ್ಟಿಯಲ್ಲಿ ಅತ್ತೆ ಇಲ್ಲ. ಎರಡೂ ಕಡೆ ಸಣ್ಣ ಗಾಡಿಗೆ ಒಳ್ಳೆಯ ಹೆಸರೇ ಬಂತು. ಹೀಗೆ ಕಣ್ಣು ಕಟ್ಟಿಸಿಕೊಂಡು ಪಾಸಾದವು ಎಷ್ಟು, ದೀಪ ಉರಿಸಿ ಪಾಸಾದವು ಎಷ್ಟು ಎಂದು ಕೇಳಿದ್ದೆ. ಹಾಗೆ ಬೇರೆಬೇರೆಯಾಗಿ ಎಣಿಸುವ ಪದ್ಧತಿ ಇಲ್ಲ ಎಂದಿರಿ. ಹಾಗಾದರೆ ಸುಧಾರಣೆ ಎಂದು ಯಾವುದಕ್ಕೆ ಚಪ್ಪಾಳೆ ತಟ್ಟಿದಿರಿ? ಟೇಪಿಗೋ?

ನಿಯಮ ಮುರಿದವರೆಲ್ಲ ಬದುಕಿದ್ದಾರೆ, ಅವರು ಬದುಕಲಿ, ನೂರು ವರ್ಷ ಬದುಕಲಿ. ನಿಮ್ಮ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದ ಒಬ್ಬರೇ ಒಬ್ಬರು ಹೋದರು. ನಂಬುವವರ ಮೇಲೆ ಇಷ್ಟು ಭಾರ ಹೊರಿಸುವ ನಿಯಮವನ್ನು ನಿಯಮ ಎನ್ನಲು ನಿಮಗೆ ಸಂಕಟವಾಗುವುದಿಲ್ಲವೇ? ನನಗೆ ಹೊಸ ಸಂಸಾರ, ದಿನಾ ಬೆಳಗ್ಗೆ ಎದ್ದು ಸಂತೋಷಪಡಲು ಎಷ್ಟೊಂದು ಇದೆ. ಆದರೆ ಸಂಜೆ ನಾನು ಶೆಡ್ಡಿಗೆ ಹೋಗಿ ಕರೆಯುವವರೆಗೆ ನನ್ನ ಗಂಡ ಆ ಗಾಡಿಯ ಮುಂದೆ ಸುಮ್ಮನೆ ಕೂತಿರುತ್ತಾನೆ.

ಆದ್ದರಿಂದ ನನ್ನ ಬೇಡಿಕೆ. ದೀಪ ಇರುವ ಗಾಡಿಗೆ ದೀಪ ಮುಚ್ಚಿಸಿ ಪಾಸ್ ಮಾಡುವುದನ್ನು ನಿಲ್ಲಿಸಿ. ದುರಸ್ತಿಗೆ ಸಮಯ ಕೊಡಿ, ಹಳೆಯ ಸಣ್ಣ ಗಾಡಿಗಳಿಗೆ ಬಿಡಿಭಾಗ ಸಿಗುವ ದಾರಿ ಮಾಡಿ, ಅಲ್ಲಿಯವರೆಗೆ ಕೆಲಸಕ್ಕೆ ಹೋಗುವವರಿಗೆ ಒಂದು ಬಸ್ಸು ಬಿಡಿಸಿ. ಇದೆಲ್ಲ ನಿಧಾನದ ಕೆಲಸ ಎನ್ನುತ್ತೀರಿ, ಗೊತ್ತು. ನಿಯಮ ಬದಲಿಸದೆಯೇ ಆಗುವ ಒಂದನ್ನು ಕೇಳುತ್ತೇನೆ. ಬರುವ ಅಕ್ಟೋಬರಿನಲ್ಲಿ ಕೀರನ್ ಮತ್ತು ನಾನು ಆ ಗಾಡಿಯನ್ನು ಮತ್ತೆ ತಪಾಸಣೆಗೆ ತರುತ್ತೇವೆ. ಹ್ಯಾಂಡಲ್ ನೆಟ್ಟಗೆ ಮಾಡಿಸಿದ್ದೇವೆ. ಡೂಮ್ ಇನ್ನೂ ಸಿಕ್ಕಿಲ್ಲ. ಟೇಪ್ ಹಚ್ಚುವುದಿಲ್ಲ. ಇರುವ ಮಂಕು ಬೆಳಕನ್ನೇ ಉರಿಸಿಕೊಂಡು ನಿಲ್ಲಿಸುತ್ತೇವೆ. ಆಗ ಕ್ಲೈವ್ ಅದನ್ನು ಫೇಲ್ ಮಾಡಲಿ, ಯಾರೂ ಅವನಿಗೆ ಬೇರೆ ದಾರಿ ತೋರಿಸಬೇಡಿ. ನಿಮ್ಮ ಮುಂದಿನ ವರದಿಯಲ್ಲಿ ಫೇಲಾದ ಸಣ್ಣ ಗಾಡಿಗಳ ಸಂಖ್ಯೆ ಒಂದು ಹೆಚ್ಚಾಗಲಿ. ಲಿನೆಟ್ ಹಾರ್ಡ್‌ವಿಕ್ ಅವರ ಬಗ್ಗೆ ನಿಮ್ಮ ಕಚೇರಿ ಬರೆಯುವ ಮೊದಲ ನಿಜ ಅದಾಗಿರುತ್ತದೆ.

ಇಂತಿ,
ಒಬ್ಬ ಪಾದಚಾರಿಯ ಸೊಸೆ,
ಫಿಲಿಪ್ಪಾ ಹಾರ್ಡ್‌ವಿಕ್