ಎರಡನೇ ಸಲ ಇಳಿದದ್ದು

ಸೋರ್ವಾಗುರ್,
ಸೋಮವಾರ ಬೆಳಿಗ್ಗೆ

ಅಪ್ಪಾ,

ಖುಷಿ ಇನ್ನೂ ಇಳಿದಿಲ್ಲ. ನಿನ್ನೆ ರಾತ್ರಿ ನನ್ನನ್ನು ಕಾಣಲು ವಿಮಾನ ನಿಲ್ದಾಣಕ್ಕೆ ಬಂದಿದ್ದ ನೀನು, "ಮೊದಲ್ನೇ ಸಲ ಇಳಿಸ್ದೆ ಮೇಲಕ್ಕೆತ್ತಿದ್ನಲ್ಲ ನಿಮ್ಮ ಕ್ಯಾಪ್ಟನ್, ಹೆದರ್ಕೊಂಡ್ನೇನೇ?" ಎಂದು ನಕ್ಕೆಯಲ್ಲ. ಎತ್ತಿಸಿದವಳು ನಾನೇ.

ಮಂಜಿನಲ್ಲಿ ರನ್‌ವೇ ದೀಪಗಳು ಒಮ್ಮೆ ಕಂಡು ಮಾಯವಾದವು. ಕ್ಯಾಪ್ಟನ್ ಟ್ರೊಂಡುರ್ ಇಳಿಸುತ್ತಲೇ ಇದ್ದರು. ಪಕ್ಕದ ಸಹ-ಪೈಲಟ್ ಸೀಟಿನಿಂದ ನಾನು "ಮೇಲಕ್ಕೆ" ಎಂದೆ. ಮೂವತ್ತು ವರ್ಷ ವಿಮಾನ ಹಾರಿಸಿದ ಮನುಷ್ಯ, ನನ್ನ ಕಡೆ ತಿರುಗಿಯೂ ನೋಡದೆ ಎತ್ತಿಬಿಟ್ಟರು. ನಮ್ಮ ಪೈಲಟ್‌ಗಳಲ್ಲಿ ಒಬ್ಬರು ಹಾಗೆಂದರೆ ಇನ್ನೊಬ್ಬರು ವಾದಿಸುವಂತಿಲ್ಲ, ಕ್ಯಾಪ್ಟನ್ ಆದರೂ ಅಷ್ಟೇ.

ಎರಡನೇ ಸಲ ಮಂಜು ಹರಿದು ದೀಪಗಳ ಸಾಲು ಕಣ್ಣೆದುರೇ ನಿಂತಿತ್ತು ಅಪ್ಪಾ! ಗಾಳಿ ಪಕ್ಕದಿಂದ ತಳ್ಳುತ್ತಿದ್ದರೂ ಚಕ್ರಗಳು ನೆಲ ಮುಟ್ಟಿದವು, ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಟ್ರೊಂಡುರ್ ಹೇಳಿದ್ದು ಇಷ್ಟೇ: "ಸರಿಯಾದ ಹೊತ್ತಿಗೆ ಹೇಳ್ದೆ ಕಣೇ. ಇವತ್ತಿನ ಕಾಫಿ ನಂದು."

ಗುರುವಾರ ನೀನೂ ನನ್ನ ತಮ್ಮ ಹಾನುಸನೂ ದೋಣಿಯಲ್ಲಿ ಮೀನಿಗೆ ಹೊರಡುತ್ತೀರಂತೆ. ಕಳೆದ ತಿಂಗಳು ಬಿರುಗಾಳಿಯಲ್ಲಿ ಅವನು "ವಾಪಸ್ ಹೋಗೋಣ" ಎಂದಾಗ "ಬಾಯ್ಮುಚ್ಚೋ" ಎಂದು ಗದರಿದೆಯಂತೆ. ಈ ಸಲ ಅವನು ಹಾಗೆಂದರೆ, ಅವನ ಕಡೆ ತಿರುಗಿಯೂ ನೋಡದೆ ದೋಣಿ ತಿರುಗಿಸು.

ಕಾಫಿ ನನ್ನದು.

ನಿನ್ನ ಮಗಳು,
ರಾನ್ವಾ