ಬಜಿ ಸವರಿದ ನಾಲಗೆ

ವಿಜಯಪುರ,
೧೪ ಜುಲೈ ೨೦೨೫

ಶಾಂಭವಿಯ ಅಪ್ಪನವರಿಗೆ,

ಆರಾಮಿದ್ದೀರಾ ಎಂದು ಕೇಳುವುದು ರೂಢಿ, ಕೇಳಿದ್ದೇನೆ. ಉತ್ತರ ಬೇಕಿಲ್ಲ. ನನ್ನ ನಂಬರು ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ನಿಮ್ಮ ಓಣಿಯ ತಬಸ್ಸುಮ ಇಂದೇ ತಿಕೋಟಾಕ್ಕೆ ಒಯ್ದು ಕೊಡುತ್ತಾಳೆ. ಎಲ್ಲರ ಮುಂದೆ ಕೊಡು ಎಂದಿದ್ದೇನೆ.

ನಿಮ್ಮ ಮಗಳಿಗೆ ಆರು ತುಂಬಿತು. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುತ್ತಾಳೆ, ಪಾಪ, ಮುಖ ಸಹ ಹುಳ್ಳಗೆ ಮಾಡುವುದಿಲ್ಲ. ಈ ವರ್ಷ ಮೂರು ಬೆರಳಷ್ಟು ಎತ್ತರ ಬೆಳೆದಿದ್ದಾಳೆ. ಮಾತು ಮಾತ್ರ ತಡೆತಡೆದು ಬರುತ್ತದೆ. ತನ್ನ ಹೆಸರು ಬರೆಯುತ್ತಾಳೆ. ನಿಮ್ಮದನ್ನು ನಾನು ಕಲಿಸಿಲ್ಲ.

ಹುಟ್ಟಿದಾಗ ಅಳದ ಕೂಸು ಎಂದು ಓಣಿಯೆಲ್ಲ ಹೊಗಳಿತ್ತಲ್ಲ. ನಾಲಗೆ ದಪ್ಪ ಇದೆ ಎಂದು ನಾನಂದರೆ ನಿಮ್ಮ ಅವ್ವ, ನನ್ನ ಸ್ವಂತ ಸೋದರತ್ತೆ ರೇಣುಕವ್ವ, ದಿನಾ ಬಜಿ ಬೇರು ತೇಯ್ದು ಸವರಿದರು. ಸವರಿದರೆ ಮಾತು ಬರುತ್ತದಂತೆ. ದವಾಖಾನೆಗೆ ಹೋಗೋಣ ಎಂದು ಕಾಲು ಹಿಡಿದೆ. ನೀವು ಒಣದ್ರಾಕ್ಷಿ ಶೆಡ್ಡಿನಿಂದ ಏಳಲಿಲ್ಲ. ಹದಿನಾಲ್ಕು ತಿಂಗಳು ಬಜಿಯಲ್ಲೇ ಹೋಯಿತು. ಕಡೆಗೆ ರೋಗ ಗೊತ್ತಾದ ದಿನ ನೀವು ಅಂದದ್ದು ಅಕ್ಷರ ಬಿಡದೆ ನೆನಪಿದೆ: “ದೋಷ ನಿನ್ನ ಹೊಟ್ಯಾಗ ಐತಿ. ನಮ್ಮ ಮನ್ಯಾಗ ಇಂಥಾದ್ದು ಹುಟ್ಟಿಲ್ಲ.” ಆ ಮಾತಿನ ಮೇಲೆಯೇ ನಮ್ಮಿಬ್ಬರನ್ನೂ ಬಿಟ್ಟು ನಿಮ್ಮ ಅಕ್ಕನ ಮಗಳನ್ನು ಮನೆ ತುಂಬಿಸಿಕೊಂಡಿರಿ.

ಮೊನ್ನೆ ಮಗಳ ರಕ್ತದ ಜೀನ್ ತಪಾಸಣೆಯ ವರದಿ ಬಂತು. ಈ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದದ್ದು, ನನ್ನೊಬ್ಬಳಿಂದ ಆಗುವಂಥದ್ದಲ್ಲ. ಝೆರಾಕ್ಸ್ ಇದರೊಳಗಿದೆ, ನಿಮ್ಮ ಅವ್ವನಿಗೆ ಓದಿ ಹೇಳಿ. ಇನ್ನೊಂದು ಪ್ರತಿ ಬಬಲೇಶ್ವರದ ನಿಮ್ಮ ಅಕ್ಕನ ಮನೆಗೆ ಹೋಗಿದೆ. ನೀವು ತಲೆ ತಗ್ಗಿಸಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನನಗಿದೆ, ನಾಚಿಕೆಯೇನಿಲ್ಲ.

ದೊಡ್ಡವರಿಗೆ ನಮಸ್ಕಾರ ತಿಳಿಸುವುದನ್ನು ಈ ಸಲ ಬಿಟ್ಟಿದ್ದೇನೆ.

ಶಾಂಭವಿಯ ಅವ್ವ,
ವಿದ್ಯಾವತಿ

ತಾ.ಕ.: ನಿಮ್ಮ ಹೊಸ ಕೂಸು ಹಗಲೆಲ್ಲ ಮಲಗಿರುತ್ತದೆ, ಅಳುವುದೇ ಇಲ್ಲ, ಅತ್ತೆ ಮತ್ತೆ ಬಜಿ ತೇಯುತ್ತಿದ್ದಾರೆ ಎಂದು ತಬಸ್ಸುಮ ಶುಕ್ರವಾರ ಹೇಳಿದಳು. ಮೂರು ದಿನ ಸುಮ್ಮನಿದ್ದೆ. ಸುಖಪಟ್ಟೇ ಸುಮ್ಮನಿದ್ದೆ. ಇಂದು ಶಾಂಭವಿ ಅಂಗಡಿಯಲ್ಲಿ ಚಹಾಪುಡಿ ಕೇಳಲು ಮೂರು ಸಲ ತಡವರಿಸಿದಳು, ಅಂಗಡಿಯವ ನಕ್ಕ. ಕೂಸಿಗೆ ಇನ್ನೂ ಇಪ್ಪತ್ತು ದಿನ. ಇವತ್ತೇ ವಿಜಯಪುರಕ್ಕೆ ತಂದು ರಕ್ತ ತಪಾಸಣೆ ಮಾಡಿಸಿ. ಅದೇ ರೋಗವಿದ್ದರೂ ಈಗಲೇ ಗುಳಿಗೆ ಶುರುವಾದರೆ ಎಲ್ಲ ಮಕ್ಕಳಂತೆ ಬೆಳೆಯುತ್ತದೆ. ನಿಮ್ಮನ್ನು ನಾನು ಕ್ಷಮಿಸಿಲ್ಲ. ಅದು ಚೆನ್ನಾಗಿ ಮಾತು ಕಲಿಯಲಿ. ಶಾಂಭವಿ ಅಕ್ಕನನ್ನು ಯಾಕೆ ಬಿಟ್ಟೆ ಎಂದು ಅದೇ ನಿಮ್ಮನ್ನು ಕೇಳಲಿ.